ಎಡಗಾಲಿನ ಬೂಟಿನ ಕಿಲೋಮೀಟರ್

ಬೇಸಿಗೆ ರಜೆ ಶುರುವಾದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದು, ಕಟ್ಟೆಯ ಮೇಲೆ ಕೂತು, ಎರಡೂ ಅಂಗೈ ಚಾಚಿದಳು. ಚರ್ಮ ಸುಲಿದು ಬೆಳ್ಳಗಾಗಿತ್ತು. ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಅವಳ ಕೆಲಸ. ಔಷಧಿಯ ಪುಡಿ ತುಂಬಿದ್ದ ಡ್ರಮ್ಮುಗಳನ್ನು ತೊಳೆಯುವ ಶೆಡ್ಡಿನಲ್ಲಿ ದಿನವಿಡೀ ನಿಲ್ಲಬೇಕು. ಮಾತಿನ ನಡುನಡುವೆ ಕೆಮ್ಮುತ್ತಿದ್ದಳು.

“ಟೀಚರ್ರ, ಕಂಪನಿಯವರು ಬೆಂಕಿ ಆರ್ಸೋ ದಳಕ್ಕ ಮದಲ್ನೇ ಸಲ ಹೆಣ್ಮಕ್ಕಳ್ನ ತಗೊಳಾಕತ್ಯಾರ್ರಿ. ಎರಡು ಕಿಲೋಮೀಟರ್ ಹನ್ನೆರಡು ನಿಮಿಷದಾಗ ಓಡಬೇಕಂತ. ನೀವು ಓಡಸ್ರಿ ನನ್ನ. ಆ ಶೆಡ್ಡಿನ್ಯಾಗ ಇನ್ನೊಂದು ವರ್ಷ ಇದ್ರ ನಾ ಉಳ್ಯಂಗಿಲ್ರಿ.”

ನಾನು ವಡಗೇರಾ ಕಡೆಯ ಒಂದು ಪ್ರೌಢಶಾಲೆಯ ದೈಹಿಕ ಶಿಕ್ಷಕಿ. ಓಡಿಸುವುದು ನನ್ನ ಕಸುಬು. ಆದರೆ ಕೂತು ಸೀಟಿ ಊದಿ ಓಡಿಸುವವಳಲ್ಲ. ಮುಂದೆ ನಾನು ಓಡುತ್ತೇನೆ, ನನ್ನ ಬೆನ್ನು ನೋಡುತ್ತ ಮಕ್ಕಳು ಬರುತ್ತಾರೆ. ಹಿಂದೊಮ್ಮೆ ಬೈಕಿನಿಂದ ಬಿದ್ದು ಮುರಿದ ಎಡಗಾಲು ಬೆರಳಿನ ದಪ್ಪದಷ್ಟು ಗಿಡ್ಡವಾಗಿ ಕೂಡಿಕೊಂಡಿದೆ. ಅದಕ್ಕೆಂದೇ ಸುರಪುರದ ಪಕ್ಕದ ರಂಗಂಪೇಟೆಯಲ್ಲಿ ಚಪ್ಪಲಿ ಹೊಲಿಯುವವನೊಬ್ಬ ನನ್ನ ಎಡಬೂಟಿಗೆ ಎತ್ತರದ ಅಟ್ಟೆ ಕಟ್ಟಿಕೊಟ್ಟಿದ್ದಾನೆ. ಆ ಬೂಟು ಬಿಟ್ಟು ಬೇರೆ ಬೂಟಿನಲ್ಲಿ ನಾನು ನಾಲ್ಕು ಹೆಜ್ಜೆ ಓಡಿದರೂ ಸೊಂಟ ಹಿಡಿಯುತ್ತದೆ.

ವೇಗ ಸರಿಯಾಗಿ ಹಿಡಿಯಬೇಕಾದರೆ ಅಳತೆ ಬೇಕು. ಶಾಲೆಯ ಮೈದಾನ ಎರೆಮಣ್ಣಿನದು, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲ ಬಿರುಕು ಬಿಟ್ಟಿರುತ್ತದೆ. ಹಾಗಾಗಿ ರಸ್ತೆಯೇ ಗತಿ. ಮೊಬೈಲಿನ ಉಪಗ್ರಹದ ಲೆಕ್ಕ ನಂಬೋಣವೆಂದರೆ ನನ್ನ ಹಳೆಯ ಮೊಬೈಲು ರಸ್ತೆಯ ಮೇಲೆ ಓಡಿದವಳನ್ನು ಕಾಲುವೆಯಲ್ಲಿ ಈಜಿಸುತ್ತಿತ್ತು. ಆಗ ನೆನಪಾದವರು ನಮ್ಮ ವಿಜ್ಞಾನದ ಮಾಸ್ತರು. ಹೊಟ್ಟೆ ಕರಗಿಸುತ್ತೇನೆಂದು ಅವರು ದುಬಾರಿ ಬೂಟು ಕೊಂಡಿದ್ದರು. ಅದರ ಅಟ್ಟೆಯೊಳಗೆ ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಒಂದು ಸೆನ್ಸರ್ ಕೂರಲು ಗುಳಿ ಇತ್ತು. ಕಾಲು ನೆಲಕ್ಕೆ ಎಷ್ಟು ಹೊತ್ತು ತಾಗಿರುತ್ತದೆ ಎಂಬುದರ ಮೇಲೆ ಅದು ವೇಗವನ್ನೂ ದೂರವನ್ನೂ ಲೆಕ್ಕ ಹಾಕಿ ಮೊಬೈಲಿಗೆ ಕಳಿಸುತ್ತದೆ. ಮಾಸ್ತರು ಒಂದು ವಾರ ಓಡಿದರು, ಆಮೇಲೆ ಬೂಟನ್ನು ಮದುವೆಗಳಿಗೆ ಹಾಕಿಕೊಂಡು ಹೋಗತೊಡಗಿದರು.

“ಸೆನ್ಸರ್ ತಗೊಂಡು ಹೋಗ್ರಿ ಮೇಡಂ, ನನ್ನ ಹೊಟ್ಟಿ ಅದರ ಮಾತ ಕೇಳಂಗಿಲ್ಲ,” ಎಂದು ಕೊಟ್ಟರು. “ಖರೇ, ಅದು ಇದೇ ಬೂಟಿನ ಸಲುವಾಗಿ ಮಾಡಿದ್ದು. ನಿಮ್ಮ ಬೂಟಿಗೆ ಒಗ್ಗತೈತೋ ಇಲ್ಲೋ ಗೊತ್ತಿಲ್ರಿ.”

ಒಗ್ಗಲಿಲ್ಲ. ಮೊದಲ ದಿನ ಕಾಲುಚೀಲದೊಳಗೆ ಹಾಕಿಕೊಂಡೆ; ಹಿಮ್ಮಡಿಯಿಂದ ಹೆಬ್ಬೆರಳಿಗೆ, ಹೆಬ್ಬೆರಳಿನಿಂದ ಹಿಮ್ಮಡಿಗೆ ತಿರುಗಾಡಿ ಬೊಬ್ಬೆ ಎಬ್ಬಿಸಿತು. ಎರಡನೆಯ ಸಲ ಸೈಕಲ್ ಟ್ಯೂಬಿನ ಚೂರಿನಲ್ಲಿ ಸುತ್ತಿ ಲೇಸಿನ ಮೇಲೆ ಬಿಗಿದೆ. ಅಲ್ಲಿ ಅದು ಓರೆಯಾಗಿ ಕೂತು, ಲೇಸಿನ ಜೊತೆ ಕುಣಿದು, ನಾನು ಮೋಟಾರ್ ಸೈಕಲ್ಲಿನ ವೇಗದಲ್ಲಿ ಓಡಿದೆನೆಂದು ಹೇಳಿತು. ಅದು ಚಪ್ಪಟೆಯಾಗಿ, ಅಲುಗದೆ, ಪ್ರತಿದಿನ ಒಂದೇ ದಿಕ್ಕಿಗೆ ಮುಖಮಾಡಿ ಮಲಗಬೇಕು. ಬಲಬೂಟಿನ ಅಟ್ಟೆ ತೆಳು. ಎಡದ್ದು ದಪ್ಪ. ಚಾಕು ತೆಗೆದುಕೊಂಡು ಎಡಬೂಟಿನ ಒಳಹಾಸು ಕಿತ್ತೆ, ಅಂಗಾಲಿನ ಕಮಾನು ಬರುವ ಕಡೆ ಗುಳಿ ತೋಡಿದೆ, ಪಂಕ್ಚರ್ ಅಂಟು ಸುರಿದು ಸೆನ್ಸರನ್ನು ಕೂರಿಸಿದೆ. ಒಳಗೊಳಗೇ ಬೀಗುತ್ತಿದ್ದೆ.

ಆದರೆ ಇನ್ನೊಂದು ತೊಡಕಿತ್ತು. ಆ ಸೆನ್ಸರಿಗೆ ಕಾಣುವುದು ಒಂದೇ ಕಾಲು. ಇನ್ನೊಂದು ಕಾಲೂ ಹಾಗೆಯೇ ಬೀಳುತ್ತದೆ ಎಂದು ಅದು ನಂಬಿಕೊಂಡಿರುತ್ತದೆ. ನನ್ನ ಎಡಗಾಲು ನೋವಿನ ಹಳೆಯ ರೂಢಿಯಿಂದ ನೆಲಕ್ಕೆ ತಾಗಿದ್ದೇ ತಡ ಎದ್ದುಬಿಡುತ್ತದೆ, ಬಲಗಾಲು ಆರಾಮಾಗಿ ಊರುತ್ತದೆ. ಹೀಗಾಗಿ ಗೊತ್ತಿರುವ ದೂರವೊಂದನ್ನು ಓಡಿ, ‘ಇದು ಒಂದು ಕಿಲೋಮೀಟರ್’ ಎಂದು ಸೆನ್ಸರಿಗೆ ಕಲಿಸಬೇಕಾಗಿತ್ತು.

ಶಾಲೆಯಲ್ಲಿ ಟೇಪು ಇತ್ತು, ನಿಜ. ರಸ್ತೆಯುದ್ದಕ್ಕೂ ಮತ್ತೆಮತ್ತೆ ಬಗ್ಗಿ ಅದನ್ನು ಎಳೆಯುವ ತಾಳ್ಮೆ ನನಗಿರಲಿಲ್ಲ. ಸರ್ಕಾರವೇ ಕಲ್ಲು ನೆಟ್ಟಿರುವಾಗ ನಾನೇಕೆ ಅಳೆಯಲಿ? ರಸ್ತೆ ಅಗಲ ಮಾಡಿದಾಗ ಹೊಸ ಕಲ್ಲುಗಳನ್ನು ಹಾಕಿದ್ದರು, ಆದರೆ ಅವು ಗುತ್ತಿಗೆದಾರನ ಕಲ್ಲುಗಳು. ಲಾರಿ ಎಲ್ಲಿ ನಿಂತಿತೋ ಅಲ್ಲಿ ಇಳಿಸಿರುತ್ತಾನೆ ಎಂದು ನನ್ನ ಗುಮಾನಿ. ಹಳೆಯ ಕಲ್ಲುಗಳಲ್ಲಿ ಎರಡು ಉಳಿದಿದ್ದವು. ಒಂದು ಕಾಲುವೆಯ ಸೇತುವೆ ಗೋಡೆಗೆ ಸಿಮೆಂಟಿನಲ್ಲಿ ಸೇರಿಹೋಗಿತ್ತು. ಇನ್ನೊಂದು ಊರಿನ ಬೇವಿನ ಮರದ ಕೆಳಗಿತ್ತು. ಅದಕ್ಕೆ ಅರಿಸಿನ, ಕುಂಕುಮ, ಒಡೆದ ಕಾಯಿ, ಒಂದು ಸಣ್ಣ ತ್ರಿಶೂಲ. ದಾರಿಹೋಕರ ದೇವರಾಗಿ ಎಷ್ಟೋ ವರ್ಷ ಆಗಿತ್ತು. ಎರಡರ ಮೇಲೂ ಹಿಂದುಮುಂದಿನ ಅಂಕಿ ಕಾಣುತ್ತಿತ್ತು, ಅಂದರೆ ನಡುವೆ ಸರಿಯಾಗಿ ಒಂದು ಕಿಲೋಮೀಟರ್. ದೇವರಾದ ಕಲ್ಲನ್ನು ಯಾವ ಗಂಡಸು ಕದಲಿಸುತ್ತಾನೆ? ಆ ಎರಡರ ನಡುವೆ ಓಡಿ ಸೆನ್ಸರಿಗೆ ಪಾಠ ಹೇಳಿದೆ. ಈ ತರ್ಕದ ಮೇಲೆ ನನಗೆ ಎಷ್ಟು ಭರವಸೆಯೆಂದರೆ, ಹೊಸ ಕಲ್ಲುಗಳ ಲೆಕ್ಕ ಇದಕ್ಕೆ ತಾಳೆಯಾಗದಿದ್ದಾಗ ಹೊಸ ಕಲ್ಲುಗಳನ್ನೇ ಬೈದೆ.

ಹುಡುಗಿ ನಸುಕಿನಲ್ಲಿ ಬರುತ್ತಿದ್ದಳು. ಕೂಲಿಯವರನ್ನು ಕರೆದೊಯ್ಯುವ ಟೆಂಪೊ ಬರುವುದರೊಳಗೆ ಓಟ ಮುಗಿಯಬೇಕು. ಬೂಟು ಹಾಕಿದರೆ ಅವಳಿಗೆ ಉಸಿರು ಕಟ್ಟಿದ ಹಾಗಾಗುತ್ತದಂತೆ; ಬರಿಗಾಲಿನಲ್ಲೇ ಓಡುತ್ತಿದ್ದಳು, ಪರೀಕ್ಷೆಗೂ ಅದು ನಡೆಯುತ್ತಿತ್ತು. ಮೊಬೈಲು ನನ್ನ ಕಿವಿಯಲ್ಲಿ ವೇಗ ಹೇಳುತ್ತಿತ್ತು, ಅದರಂತೆ ನಾನು ಓಡುತ್ತಿದ್ದೆ, ನನ್ನ ಹೆಜ್ಜೆಯ ಸಪ್ಪಳ ಹಿಡಿದು ಅವಳು ಓಡುತ್ತಿದ್ದಳು. ಎಣಿಸಿದ್ದಕ್ಕಿಂತ ಬೇಗ ಅವಳು ಸಮಯದೊಳಗೆ ಬಂದಳು. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅವಳಿಗಿಂತ ಹೆಚ್ಚಾಗಿ ಬೂಟಿನ ಮೇಲೆ ಹೆಮ್ಮೆಯಾಯಿತು.

ಅಷ್ಟರಲ್ಲಿ ಬಿಸಿಲು ಕೆಲಸ ಕೆಡಿಸಿತು. ನಮ್ಮ ಕಡೆ ಬೂಟು ಚಪ್ಪಲಿ ಹೊಸ್ತಿಲು ದಾಟುವುದಿಲ್ಲ. ಓಡಿ ಬಂದವಳು ರೂಢಿಯಂತೆ ಬೂಟನ್ನು ಬಾಗಿಲಾಚೆ ಕಲ್ಲುಚಪ್ಪಡಿಯ ಮೇಲೆ ಬಿಟ್ಟೆ. ಮೇ ತಿಂಗಳ ಚಪ್ಪಡಿ, ಅದರ ಮೇಲೆ ರೊಟ್ಟಿ ಬೇಯಿಸಬಹುದು. ಸಂಜೆ ನೋಡಿದರೆ ಅಂಟು ಕರಗಿ ಜೋನಿಬೆಲ್ಲದಂತಾಗಿತ್ತು, ಸೆನ್ಸರ್ ಜಾರಿ ಒಂದು ಮೂಲೆಗೆ ಮುಖಮಾಡಿ ಕೂತಿತ್ತು. ಬೂಟನ್ನು ಚೀಲದಲ್ಲಿ ಹಾಕಿಕೊಂಡು ಶಹಾಪುರಕ್ಕೆ ಹೋಗಿ, ಬಸ್ಸು ಬದಲಿಸಿ ರಂಗಂಪೇಟೆಗೆ ಹೋದೆ.

ಅಟ್ಟೆ ಕಟ್ಟಿದವನು ಬೂಟನ್ನು ತಿರುವಿ ಮುರುವಿ ನೋಡಿ ಮುಖ ಸಿಂಡರಿಸಿದ. “ನಾ ಕಟ್ಟಿದ್ದ ಅಟ್ಟಿ ಇಲಿ ಕಡದಂಗ ಕಡದೀರಲ್ರಿ ಬಾಯಾರ! ಕಾಲಾಗ ಮಿಷನ್ ಇಟ್ಕೊಂಡು ಎಲ್ಲಿಗಿ ಓಡ್ತೀರಿ?”

“ಅಂಟು ಬ್ಯಾಡ. ಚರ್ಮದ ಚೀಲ ಮಾಡಿ ಹೊಲದುಕೊಡು. ಅಲ್ಲಾಡಬಾರದು.”

“ಹೊಲೀತೀನ್ರಿ. ಮ್ಯಾಲೊಂದು ಲಿಂಬಿಹಣ್ಣು ಕಟ್ಟಲೇನ್ರಿ?” ಎಂದ. ನಗುತ್ತಲೇ ಹೊಲಿದುಕೊಟ್ಟ, ಬಿಗಿಯಾಗಿ ಕೂತಿತು. ಊರಿಗೆ ಬಂದು ಅದೇ ಎರಡು ಕಲ್ಲುಗಳ ನಡುವೆ ಮತ್ತೆ ಓಡಿ ಸೆನ್ಸರಿಗೆ ಹೊಸದಾಗಿ ಪಾಠ ಹೇಳಿದೆ. ಅಲ್ಲಿಂದ ಮುಂದೆ ಬೂಟು ದೇವರ ಕೋಣೆಯ ಗೋಡೆಗೆ ಒತ್ತಿ ಮನೆಯೊಳಗೇ ಇರುತ್ತಿತ್ತು, ಅತ್ತೆ ನನ್ನ ಜೊತೆ ಮಾತು ಬಿಟ್ಟರು.

ಆ ದಿನಗಳಲ್ಲೇ ಹುಡುಗಿ ಒಂದು ಸುದ್ದಿ ತಂದಳು. ಕಾರ್ಖಾನೆಯ ಸೂಪರ್‌ವೈಸರು ಪ್ಯಾಕಿಂಗ್ ವಿಭಾಗದಲ್ಲಿ ಜಾಗ ಖಾಲಿಯಿದೆ, ಬರುತ್ತೀಯಾ ಎಂದು ಕೇಳಿದ್ದನಂತೆ. ಅಲ್ಲಿ ನೀರಿಲ್ಲ, ವಾಸನೆಯಿಲ್ಲ. ಕೂತು ಪೆಟ್ಟಿಗೆಗೆ ಚೀಟಿ ಅಂಟಿಸುವುದು. ಆದರೆ ಹೊಸ ವಿಭಾಗಕ್ಕೆ ಸೇರಿದವರು ದಳದ ಪರೀಕ್ಷೆಗೆ ಕೂರುವಂತಿಲ್ಲ.

“ಏನಂದಿ?” ಎಂದೆ.

“ಒಲ್ಲೆ ಅಂದೀನ್ರಿ. ನನ್ನ ಗೆಳತಿಗಿ ಕೊಡ್ರಿ ಅಂದೆ. ದಿನಾ ಟೈಮಿನ್ಯಾಗ ಬರಾಕತ್ತೀನಲ್ರಿ, ನಿಮ್ಮ ಮೊಬೈಲೇ ಹೇಳತೈತಿ. ದಳದಾಗ ಆದ್ರ ಪಕ್ಕಾ ನೌಕ್ರಿ.”

ಬೆನ್ನು ತಟ್ಟಿದೆ. ಧೈರ್ಯ ಇದ್ದರೆ ಹೀಗಿರಬೇಕು ಎಂದೂ ಹೇಳಿದೆ.

ಅಮಾವಾಸ್ಯೆಯ ಬೆಳಿಗ್ಗೆ ಅವಳಿಗೆ ಪಾಳಿ ಬೇಗ ಇತ್ತು, ನಾನೊಬ್ಬಳೇ ಓಡಿ ಬೇವಿನ ಮರದ ಬಳಿ ನಿಂತೆ. ಒಬ್ಬ ಮುದುಕಿ ಕಲ್ಲಿಗೆ ತಂಬಿಗೆಯಿಂದ ನೀರು ಹಾಕುತ್ತಿದ್ದಳು. ನಾನೂ ಕೈಮುಗಿದೆ. ಆ ಕಲ್ಲಿನ ಉಪಕಾರ ನನ್ನ ಮೇಲೆ ಬಹಳವಿತ್ತು.

“ಈ ದೇವರು ಭಾಳ ಹಳೀದಲ್ಲಬೇ?” ಎಂದು ಕೇಳಿದೆ, ಸುಮ್ಮನೆ ಮಾತಿಗೆ.

“ನಾ ಲಗ್ನಾಗಿ ಬಂದಾಗಿಂದ ಐತಿ ಯವ್ವಾ. ಮದಲ ಅಕಾ ಅಲ್ಲಿ, ಆ ಮೋರಿ ಹತ್ರ ಇತ್ತು.” ಅವಳು ಸೇತುವೆಯ ಎದುರು ದಿಕ್ಕಿಗೆ, ಒಂದು ಕೂಗಳತೆ ಆಚೆಗೆ ಕೈ ತೋರಿಸಿದಳು. “ರಸ್ತಾ ಮಾಡಾಕ ಬಂದಾಗ ಉಳಿದ ಕಲ್ಲೆಲ್ಲ ಮಿಷನ್‌ದಿಂದ ಕಿತ್ತ ಒಗದ್ರು. ನಮ್ಮ ದೇವರ್ನ ಮುಟ್ಟಗೊಡ್ತೀವೇನು? ಊರಾಗಿನವ್ರೆಲ್ಲ ಕೂಡಿ, ಡೊಳ್ಳು ಬಡದು, ಎತ್ತಿ ತಂದು ಈ ನೆಳ್ಳಾಗ ಕೂಡಿಸ್ಯಾರ.”

ಯಾರೂ ಮುಟ್ಟುವುದಿಲ್ಲ ಎಂದು ನಂಬಿದ್ದ ಕಲ್ಲನ್ನು, ಯಾರೂ ಮುಟ್ಟಬಾರದೆಂದೇ, ಮೆರವಣಿಗೆಯಲ್ಲಿ ಸೇತುವೆಯ ಹತ್ತಿರಕ್ಕೆ ತಂದಿದ್ದರು. ನನ್ನ ಕಿಲೋಮೀಟರು ಒಂದು ಕೂಗಳತೆ ಗಿಡ್ಡ. ಎರಡು ಕಿಲೋಮೀಟರಿನಲ್ಲಿ ಎರಡು ಕೂಗಳತೆ. ಹುಡುಗಿ ಈವರೆಗೆ ಒಂದು ದಿನವೂ ಸಮಯದೊಳಗೆ ಬಂದಿರಲಿಲ್ಲ. ಆ ನಂಬಿಕೆಯ ಮೇಲೆ ಕೈಗೆ ಬಂದ ಜಾಗವನ್ನು ಬಿಟ್ಟುಕೊಟ್ಟಿದ್ದಳು.

ಹೇಳದೆ ಇರಬಹುದಿತ್ತು. ಪರೀಕ್ಷೆಗೆ ಎರಡು ವಾರವೂ ಉಳಿದಿರಲಿಲ್ಲ. ಆತ್ಮವಿಶ್ವಾಸದ ಬಲದಲ್ಲೇ ಓಡಿ ಗೆದ್ದವರನ್ನು ನಾನು ಕಂಡಿದ್ದೇನೆ. ಸದ್ದಿಲ್ಲದೆ ಸೆನ್ಸರನ್ನು ಸರಿಪಡಿಸಿ ದಿನಕ್ಕಿಷ್ಟು ವೇಗ ಹೆಚ್ಚಿಸಿದರೂ ಆಗುತ್ತಿತ್ತು. ಆದರೆ ಅವಳು ಎಲ್ಲಿ ನಿಂತಿದ್ದಾಳೆ ಎಂಬುದು ಅವಳಿಗೇ ಗೊತ್ತಿಲ್ಲದೆ ಅವಳನ್ನು ಓಡಿಸುವುದು ನನಗೆ ಒಗ್ಗಲಿಲ್ಲ. ಮರುದಿನ ನಸುಕಿನಲ್ಲಿ ಟೇಪು ಹಿಡಿದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ.

ಅವಳು ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. “ಹಂಗಾದ್ರ ಪ್ಯಾಕಿಂಗೂ ಹೋತು, ಇದೂ ಹೋತು.”

“ಇದು ಇನ್ನೂ ಹೋಗಿಲ್ಲ.”

“ನಿಮಗೇನ್ರಿ ಟೀಚರ್ರ, ಹೇಳ್ತೀರಿ. ಪಗಾರ ಬರತೈತಿ,” ಎಂದಳು. ಟೇಪಿನ ಒಂದು ತುದಿ ಅವಳ ಮುಂದೆ ಚಾಚಿದೆ. ಎದ್ದು ಹಿಡಿದುಕೊಂಡಳು.

ಇಬ್ಬರೂ ರಸ್ತೆ ಅಳೆದೆವು. ಅವಳು ಎಳೆಯುವುದು, ನಾನು ಬಗ್ಗಿ ಸುಣ್ಣದ ಗೆರೆ ಹಾಕುವುದು. ಹತ್ತಿಕಟ್ಟಿಗೆ ಹೇರಿದ ಬಂಡಿಯವನೊಬ್ಬ ನಿಂತು, “ರಸ್ತಾ ಮತ್ತ ಅಗಲ ಮಾಡ್ತಾರೇನ್ರಿ?” ಎಂದು ಗಾಬರಿಯಾದ. ಅಳತೆ ಮುಗಿದಾಗ ಬಿಸಿಲು ಏರಿತ್ತು, ಅವಳ ಟೆಂಪೊ ಹೋಗಿಬಿಟ್ಟಿತ್ತು. ಆ ಗೆರೆಗಳ ನಡುವೆ ಓಡಿ ಬೂಟಿಗೆ ಮೂರನೆಯ ಸಲ ಪಾಠ ಹೇಳಿದೆ, ಈ ಸಲ ನಿಜದ್ದು. ಆಮೇಲೆ ಅವಳಿಗೆ, “ಬಾ, ನನ್ನ ಹಿಂದ ಓಡು,” ಎಂದೆ.

“ನಿಮ್ಮ ಹಿಂದ ಓಡಂಗಿಲ್ರಿ,” ಎಂದಳು. “ಸಿಟ್ಟಾಗಬ್ಯಾಡ್ರಿ ಟೀಚರ್ರ. ನೀವು ಕುಂಟ್ತೀರಿ. ನಿಮ್ಮ ಸಪ್ಪಳ ಹಿಡದು ಓಡಿ ಓಡಿ ನಾನೂ ಕುಂಟಾಕತ್ತೀನಿ. ಶೆಡ್ಡಿನ್ಯಾಗ ಎಲ್ಲಾರೂ ಕೇಳಾಕತ್ಯಾರ, ಕಾಲಿಗಿ ಏನಾಗೇತಿ ಅಂತ.”

ಸಿಟ್ಟು ಬಂತು. ಮುಖಕ್ಕೆ ಹೊಡೆದ ಹಾಗಾಯಿತು. ಅವಳನ್ನು ಓಡಿಸಿ ಹಿಂದಿನಿಂದ ನೋಡಿದೆ. ಎಡಗಾಲು ತಾಗಿದ್ದೇ ತಡ ಏಳುತ್ತಿತ್ತು, ಬಲಗಾಲು ಆರಾಮಾಗಿ ಊರುತ್ತಿತ್ತು. ಮುರಿಯದ ಕಾಲಿಗೆ ನನ್ನ ಮುರಿದ ಕಾಲಿನ ಚಾಳಿ ಅಂಟಿತ್ತು. ನಾನು ಬೂಟನ್ನು ನನಗೆ ಒಗ್ಗಿಸಿಕೊಂಡೆ, ಸೆನ್ಸರನ್ನು ಬೂಟಿಗೆ ಒಗ್ಗಿಸಿದೆ, ಕೊನೆಗೆ ಗೊತ್ತಿಲ್ಲದಂತೆ ಈ ಹುಡುಗಿಯನ್ನೂ ಒಗ್ಗಿಸಿಬಿಟ್ಟಿದ್ದೆ. ಇಷ್ಟು ವರ್ಷ ನನ್ನ ಬೆನ್ನು ನೋಡುತ್ತ ಓಡಿದ ಮಕ್ಕಳೆಲ್ಲ ಕಣ್ಣಮುಂದೆ ಬಂದು ಸಂಕಟವಾಯಿತು.

ಅಂದಿನಿಂದ ಅವಳು ಮುಂದೆ, ನಾನು ಹಿಂದೆ. ಸೆನ್ಸರಿಗೆ ನನ್ನ ಲೆಕ್ಕ ಬಿಟ್ಟು ಬೇರೆ ಕೆಲಸವಿರಲಿಲ್ಲ. ಅವಳಿಗೆ ಸುಣ್ಣದ ಗೆರೆ, ನನ್ನ ಕೈಯಲ್ಲಿ ಗಡಿಯಾರ. ಹೆಜ್ಜೆ ಸಮವಾಗಲು ಕೆಲವು ದಿನ ಹಿಡಿಯಿತು. ಆಮೇಲೆ ಅವಳ ಓಟ ಬಿಚ್ಚಿಕೊಂಡಿತು, ನನ್ನನ್ನು ಹಿಂದೆ ಬಿಟ್ಟು ಬಹುದೂರ ಹೋಗುತ್ತಿದ್ದಳು. ಆದರೂ ಕೊನೆಯ ಗೆರೆ ಮುಟ್ಟುವ ಹೊತ್ತಿಗೆ ಕೆಮ್ಮು ಹಿಡಿಯುತ್ತಿತ್ತು, ಹನ್ನೆರಡು ನಿಮಿಷ ಸ್ವಲ್ಪದರಲ್ಲಿ ದಾಟಿಬಿಡುತ್ತಿತ್ತು. ಪರೀಕ್ಷೆಯ ಹಿಂದಿನ ಬೆಳಿಗ್ಗೆಯೂ ದಾಟಿತು. “ನಾಳೆ ಆಗತೈತಿ,” ಎಂದೆ. ಇಬ್ಬರಿಗೂ ನಂಬಿಕೆ ಇರಲಿಲ್ಲ.

ಪರೀಕ್ಷೆಯ ದಿನ ಯಾದಗಿರಿಯಲ್ಲಿ ಬಸ್ಸು ಬದಲಿಸಿ ಕಡೇಚೂರಿಗೆ ಹೋದೆವು. ಕಾರ್ಖಾನೆಯ ಆವರಣದೊಳಗೆ ಗೇಟಿನಿಂದ ನೀರಿನ ಟ್ಯಾಂಕಿನವರೆಗೆ ಹೋಗಿ ತಿರುಗಿ ಬರಬೇಕು. ಓಟಕ್ಕೆ ಮುಂಚೆ ಹೆಣ್ಣುಮಕ್ಕಳಿಗೆ ದಾರಿ ತೋರಿಸಲು ಒಂದು ಸುತ್ತು ನಿಧಾನವಾಗಿ ಓಡಿಸಿದರು. ಜೊತೆಗೆ ಬಂದವರೂ ಬರಬಹುದು ಎಂದರು. ನಾನೂ ಓಡಿದೆ. ಗೇಟಿಗೆ ಮರಳಿ ಮೊಬೈಲು ನೋಡಿದೆ. ಎರಡು ಕಿಲೋಮೀಟರ್ ಆಗಿರಲಿಲ್ಲ. ಒಂದು ಕೂಗಳತೆಯಷ್ಟು ಕಡಿಮೆ ಇತ್ತು.

ಸೂಪರ್‌ವೈಸರ್ ಹತ್ತಿರ ಹೋಗಿ, “ಇದನ್ನ ಹ್ಯಾಂಗ ಅಳದೀರಿ?” ಎಂದು ಕೇಳಿದೆ.

“ಜೀಪಿನ ಮೀಟರ್ ನೋಡಿ ಮೇಡಂ. ಬರಾಬರ್ ಐತಿ,” ಎಂದ. “ಯಾಕ್ರಿ, ಏನರ ಫರಕ್ ಐತೇನ್ರಿ?”

ನನ್ನ ಬಾಯಿ ತೆರೆದಿತ್ತು. ಟೇಪು ಹಿಡಿದು ಅಳೆದು ಪಾಠ ಹೇಳಿದ ಬೂಟು ನನ್ನ ಕಾಲಲ್ಲಿತ್ತು, ಈ ಸಲ ಅದು ಸುಳ್ಳು ಹೇಳುತ್ತಿರಲಿಲ್ಲ. ಒಂದು ಮಾತು ಆಡಿದ್ದರೆ ಅವರು ಗೆರೆಯನ್ನು ಹಿಂದಕ್ಕೆ ಸರಿಸುತ್ತಿದ್ದರು. ಬೆಂಕಿ ಆರಿಸುವವರ ಓಟ ಅದು, ಸರಿಸಲೇಬೇಕಾಗಿತ್ತು. ಗೇಟಿನ ಪಕ್ಕ ಹುಡುಗಿ ಕೂತು ಅಂಗಾಲಿನ ಮುಳ್ಳು ತೆಗೆದುಕೊಳ್ಳುತ್ತಿದ್ದಳು. ಅವಳ ಹಿಂದೆ ಡ್ರಮ್ಮಿನ ಶೆಡ್ಡು, ಅಲ್ಲಿಂದ ಬರುವ ವಾಸನೆಗೆ ನನಗೇ ಕಣ್ಣು ಉರಿಯುತ್ತಿತ್ತು.

“ಏನಿಲ್ಲ, ಸುಮ್ನ ಕೇಳ್ದೆ,” ಎಂದೆ.

ಅವಳು ಓಡಿದಳು. ಎರಡೂ ಕಾಲು ಒಂದೇ ಸಮ ಬೀಳುತ್ತಿದ್ದವು, ನೋಡಲು ಚೆಂದವಿತ್ತು. ಟ್ಯಾಂಕಿನ ಹತ್ತಿರ ತಿರುಗಿ ಬರುವಾಗ ಕೆಮ್ಮು ಶುರುವಾಯಿತು, ಕೆಮ್ಮುತ್ತಲೇ ಓಡಿ ಗೆರೆ ದಾಟಿ ಮಣ್ಣಿನಲ್ಲಿ ಕುಸಿದಳು. ಗಡಿಯಾರದಲ್ಲಿ ಇನ್ನೂ ಕೆಲವು ಸೆಕೆಂಡು ಉಳಿದಿದ್ದವು. ಅವಳ ಹೆಸರು ಕೂಗಿದಾಗ ನನಗೆ ಅಳು ಬಂತು. ಸಂತೋಷಕ್ಕೇ ಬಂತು, ಆದರೆ ಅದರಲ್ಲಿ ಬೇರೆ ಏನೋ ಬೆರೆತಿತ್ತು.

ಎದ್ದವಳು ನೇರ ನನ್ನ ಹತ್ತಿರ ಬಂದಳು. “ಟೀಚರ್ರ, ನಿಮ್ಮ ಬೂಟು ಎಷ್ಟ ತೋರಸ್ತರಿ? ಪೂರಾ ಎರಡು ಇತ್ತಿಲ್ಲ?”

ಕಲ್ಲಿನ ಸುದ್ದಿ ಹೇಳಿದ ದಿನದಿಂದ ಅವಳು ನನ್ನನ್ನು ಯಾವುದರ ಬಗ್ಗೆಯೂ ಹೀಗೆ ಕೇಳಿರಲಿಲ್ಲ. ನಾನು ಹೇಳಿದ್ದನ್ನು ನಂಬುತ್ತಾಳೆ ಎಂಬುದು ಮುಖದಲ್ಲೇ ಇತ್ತು.

“ಪೂರಾ ಎರಡು,” ಎಂದೆ. ಆಮೇಲೆ, “ನಾಳಿ ನಸುಕ್ಲೆ ಬಾ. ಓಡೂಣು,” ಎಂದೆ.

“ಇನ್ಯಾಕ್ರಿ? ಪಾಸಾದ್ನಲ್ರಿ!”

“ಬೆಂಕಿಗಿ ಪಾಸು ಫೇಲು ಗೊತ್ತಿಲ್ಲವ್ವ. ಬಾ ಅಂದ್ರ ಬಾ.”

“ನೀವು ಸುಧಾರ್ಸಂಗಿಲ್ಲ ಬಿಡ್ರಿ,” ಎಂದು ನಕ್ಕು, ಸಮವಸ್ತ್ರಕ್ಕೆ ಅಳತೆ ಕೊಡುವ ಸಾಲಿಗೆ ಓಡಿದಳು.

ಮರುದಿನ ಹೊತ್ತು ಏರುವವರೆಗೂ ಸೇತುವೆಯ ಹತ್ತಿರ ಕಾದೆ. ಅವಳು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸಿಟ್ಟು ಮಾಡುವ ಹಾಗೂ ಇರಲಿಲ್ಲ. ಅವಳು ಯಾಕೆ ಬರಬೇಕಾಗಿತ್ತು ಎಂಬುದನ್ನು ನಾನೇ ಅವಳಿಗೆ ಹೇಳಿರಲಿಲ್ಲ.